ಹಡಗು ಬಿಡಿ, ಹೊಲ ಹಿಡಿಯಿರಿ: ಅಮೆರಿಕದ ಹಳ್ಳಿಗಳಿಗೆ ಬಂದ ನಾರ್ವೆ ಕುಟುಂಬಗಳ ಮೂಲ ಹುಡುಕುವ ಬಗೆ

ನನ್ನ ಅಳಿಯನ ಮನೆಯವರು ಪಶ್ಚಿಮ ಮಿನ್ನೆಸೋಟದ ರೈತರು. ಮಗಳ ಮದುವೆಯಾದ ಹೊಸದರಲ್ಲಿ ಬೀಗಿತ್ತಿಯನ್ನು ಒಂದು ಮಾತು ಕೇಳಿದೆ: "ನಿಮ್ಮದು ಮೂಲ ಯಾವ ಊರು?" ನಾವು ಯಾರು ಸಿಕ್ಕರೂ ಮೊದಲು ಕೇಳುವುದು ಇದನ್ನೇ ಅಲ್ವಾ? ಅವರು "ನಾರ್ವೆ" ಎಂದರು. ಊರಿನ ಹೆಸರು ಅವರಿಗೆ ಗೊತ್ತಿರಲಿಲ್ಲ. ಹಿರಿಯರು ಯಾವ ವರ್ಷ ಬಂದರು ಎಂದೂ ಗೊತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಒಂದು ಹಳೆಯ ಬೈಬಲ್, ಹೆಸರು ಬರೆಯದ ಒಂದು ಡಬ್ಬಿ ಫೋಟೊ, ಮತ್ತೆ "ಹಡಗಿಳಿದಾಗ ಅಧಿಕಾರಿಗಳು ನಮ್ಮ ಹೆಸರು ಬದಲಾಯಿಸಿಬಿಟ್ಟರು" ಎನ್ನುವ ಒಂದು ಕಥೆ.

ಆ ಪ್ರಶ್ನೆಗೆ ಉತ್ತರ ಸಿಗಲು ನಾಲ್ಕು ವರ್ಷ ಹಿಡಿಯಿತು. ಮೊದಲ ಒಂದೂವರೆ ವರ್ಷ ನಾನು ಹುಡುಕಿದ್ದು ಬೇರೆ ಯಾರದೋ ವಂಶವನ್ನು. ಎಲ್ಲರ ಹಾಗೆ ಹಡಗಿನ ಪಟ್ಟಿಯಿಂದ ಶುರು ಮಾಡಿದ್ದೇ ಅದಕ್ಕೆ ಕಾರಣ. ಊರಲ್ಲಿ ನೆಲೆಸಿ ಬೇಸಾಯ ಮಾಡಿದವರ ಜಾಡು ಹಡಗಿನಲ್ಲಿ ಸಿಗುವುದು ಕಡಿಮೆ. ಅವರು ಉತ್ತ ಹೊಲ, ಸೇರಿದ ಚರ್ಚು, ಪಕ್ಕದ ಹೊಲದವರು, ಈ ಮೂರು ಕಡೆ ಸಿಗುವುದು ಜಾಸ್ತಿ. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಅಮೆರಿಕದ ಹಳೆಯ ಕುಟುಂಬಗಳ ಜೊತೆ ನೆಂಟಸ್ತಿಕೆ ಬೆಳೆದ ಕನ್ನಡದ ಮನೆಗಳು ಈಗ ಎಷ್ಟೋ ಇವೆ. ಮೊಮ್ಮಕ್ಕಳಿಗೆ ಅಮ್ಮನ ಕಡೆಯ ಐದು ತಲೆಮಾರು ಹೇಳಿ, ಅಪ್ಪನ ಕಡೆಗೆ ಬಂದಾಗ "ನಾರ್ವೆ" ಎಂದು ಸುಮ್ಮನಾಗುವುದು ನನಗೆ ಸರಿ ಕಾಣಲಿಲ್ಲ.

ಯಾರು ಇವರು, ಯಾಕೆ ಬಂದರು

1825ರ ಜುಲೈನಲ್ಲಿ ಸ್ಟಾವಾಂಗರ್ ಬಂದರಿನಿಂದ ರೆಸ್ಟೊರೇಷನ್ ಎಂಬ ಚಿಕ್ಕ ಹಡಗು ಹೊರಟಿತು. ಅದರಲ್ಲಿ 52 ಜನ ಇದ್ದರು. ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ಮುಟ್ಟಿದಾಗ 53 ಜನ ಆಗಿದ್ದರು, ದಾರಿಯಲ್ಲಿ ಒಂದು ಮಗು ಹುಟ್ಟಿತ್ತು. ನಾರ್ವೆಯಿಂದ ಗುಂಪಾಗಿ ಅಮೆರಿಕಕ್ಕೆ ಬರುವುದು ಹೀಗೆ ಶುರುವಾಯಿತು. ಮುಂದಿನ ನೂರು ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು ನಾರ್ವೇಜಿಯನ್ನರು ಬಂದರು. ನಾರ್ವೆ ಚಿಕ್ಕ ದೇಶ. ಯುರೋಪಿನಲ್ಲಿ ಐರ್ಲೆಂಡ್ ಬಿಟ್ಟರೆ ಜನಸಂಖ್ಯೆಯಲ್ಲಿ ಇಷ್ಟು ದೊಡ್ಡ ಪಾಲನ್ನು ಅಮೆರಿಕಕ್ಕೆ ಕಳಿಸಿದ ದೇಶ ಇನ್ನೊಂದಿಲ್ಲ.

ಅಲ್ಲಿ ಉಳುವ ನೆಲ ಬಹಳ ಕಡಿಮೆ, ಉಳಿದದ್ದು ಬೆಟ್ಟ ಮತ್ತು ಕಡಲು. ದೊಡ್ಡ ಮಗನಿಗೆ ಹೊಲ ಹೋದರೆ ಚಿಕ್ಕವರಿಗೆ ಏನೂ ಉಳಿಯುತ್ತಿರಲಿಲ್ಲ. ಅಮೆರಿಕದಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆ 160 ಎಕರೆ ಕೊಡುತ್ತೇನೆ ಎಂದಿತು. ಐದು ವರ್ಷ ಅಲ್ಲೇ ಇದ್ದು ಉತ್ತು ಬಿತ್ತಬೇಕು, ಸಣ್ಣ ಶುಲ್ಕ ಕಟ್ಟಬೇಕು, ಅಷ್ಟೇ. ಇವರು ನ್ಯೂಯಾರ್ಕಿನಲ್ಲಿ ನಿಲ್ಲದೆ ವಿಸ್ಕಾನ್ಸಿನ್, ಅಯೋವ, ಮಿನ್ನೆಸೋಟ, ಡಕೋಟ ಕಡೆ ಹೊರಟಿದ್ದು ಹೊಲಕ್ಕಾಗಿಯೇ.

ಮೊದಲು ಹೆಸರಿನ ಗಂಟು ಬಿಡಿಸಿಕೊಳ್ಳಿ

ಇದು ಗೊತ್ತಿಲ್ಲದೆ ಕಂಪ್ಯೂಟರ್ ಮುಂದೆ ಕೂರಬೇಡಿ. ಅಮೆರಿಕದವರಿಗೆ ಇದು ತಲೆನೋವು, ನಮಗೆ ಸುಲಭ. ಹಳೆ ಮೈಸೂರಿನ ಕಡೆ ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ ಇರುತ್ತದೆ. ಮನೆತನದ ಹೆಸರು ಅಂತ ಇರಲೇಬೇಕು ಎಂದಿಲ್ಲ. ಹಳೆಯ ನಾರ್ವೆಯ ಹಳ್ಳಿಗಳಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು.

ಲಾರ್ಸ್ ಎನ್ನುವವನ ಮಗ ಓಲೆ ಆದರೆ ಅವನು ಓಲೆ ಲಾರ್ಸೆನ್. ಆ ಓಲೆಗೆ ಒಬ್ಬ ಮಗ ಹುಟ್ಟಿ ಅಜ್ಜನ ಹೆಸರು ಇಟ್ಟರೆ ಅವನು ಲಾರ್ಸ್ ಓಲ್ಸೆನ್. ಮಗಳು ಮಾರಿ ಆದರೆ ಮಾರಿ ಓಲ್ಸ್‌ದಾತ್ತರ್, ಅಂದರೆ ಓಲೆಯ ಮಗಳು. ಮದುವೆಯಾದರೂ ಅವಳ ಹೆಸರು ಬದಲಾಗುತ್ತಿರಲಿಲ್ಲ. ಇದರ ಕೊನೆಗೆ ವಾಸವಿದ್ದ ಹೊಲಮನೆಯ ಹೆಸರು ಸೇರುತ್ತಿತ್ತು. ಬಕ್ಕೆ ಎಂದರೆ ಇಳಿಜಾರು, ಹೌಗೆನ್ ಎಂದರೆ ದಿಬ್ಬ, ವಿಕ್ ಎಂದರೆ ಕಡಲ ಕೊಲ್ಲಿ, ದಾಲ್ ಎಂದರೆ ಕಣಿವೆ. ನಮ್ಮ ಮಲೆನಾಡು, ಕರಾವಳಿಯಲ್ಲಿ ಮೇಲಿನಮನೆ, ಕೆಳಗಿನಮನೆ ಅನ್ನುತ್ತಾರಲ್ಲ, ಹಾಗೆ. ಇದು ಕುಲದ ಹೆಸರಲ್ಲ, ವಿಳಾಸ. ಹೊಲ ಬದಲಾದರೆ ಈ ಹೆಸರೂ ಬದಲಾಗುತ್ತಿತ್ತು. ಎಲ್ಲರೂ ಒಂದು ಕಾಯಂ ಮನೆತನದ ಹೆಸರು ಇಟ್ಟುಕೊಳ್ಳಬೇಕು ಎಂಬ ಕಾನೂನು ನಾರ್ವೆಯಲ್ಲಿ ಬಂದದ್ದು 1923ರಲ್ಲಿ.

ಅಮೆರಿಕಕ್ಕೆ ಬಂದಾಗ ಇಲ್ಲಿನವರು ಕೊನೆಯ ಹೆಸರು ಕೇಳಿದರು. ಅಣ್ಣ ಅಪ್ಪನ ಹೆಸರು ಹೇಳಿ ಲಾರ್ಸನ್ ಆದ. ತಮ್ಮ ಹೊಲದ ಹೆಸರು ಹೇಳಿ ಬಕ್ಕೆ ಆದ. ಮೊದಲು ಲಾರ್ಸನ್ ಆಗಿದ್ದವನೇ ಊರಲ್ಲಿ ನಾಲ್ಕು ಜನ ಲಾರ್ಸನ್ ಆದಾಗ ಹೊಲದ ಹೆಸರಿಗೆ ತಿರುಗಿದ್ದೂ ಉಂಟು. ಹಡಗಿಳಿದಾಗ ಅಧಿಕಾರಿ ಹೆಸರು ಬದಲಿಸಿದ ಎನ್ನುವ ಕಥೆ ಪ್ರತಿ ಮನೆಯಲ್ಲೂ ಇದೆ. ಆದರೆ ಪ್ರಯಾಣಿಕರ ಪಟ್ಟಿ ಬರೆಯುತ್ತಿದ್ದದ್ದು ಹಡಗಿನ ಕಂಪನಿಯವರು. ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ಆ ಪಟ್ಟಿ ಹಿಡಿದು ತಾಳೆ ನೋಡುತ್ತಿದ್ದರು. ಅದೂ ಅಲ್ಲದೆ ಎಲ್ಲಿಸ್ ದ್ವೀಪ ತೆರೆದದ್ದೇ 1892ರಲ್ಲಿ. ಅಷ್ಟರಲ್ಲಿ ಲಕ್ಷಾಂತರ ನಾರ್ವೇಜಿಯನ್ನರು ಬಂದು ಹೊಲ ಮಾಡಿಯಾಗಿತ್ತು. ಹೆಸರು ಬದಲಿಸಿದ್ದು ಬಹುಪಾಲು ಅವರೇ, ತಮ್ಮ ಅನುಕೂಲಕ್ಕೆ.

ಮಕ್ಕಳಿಗೆ ಹೆಸರಿಡುವ ಕ್ರಮ ಕೂಡ ಕೆಲಸಕ್ಕೆ ಬರುತ್ತದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಹೆಣ್ಣುಮಕ್ಕಳಿಗೂ ಹಾಗೆಯೇ ಅಜ್ಜಿಯರ ಹೆಸರು. ಒಂದು ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರು. ಎಲ್ಲರೂ ತಪ್ಪದೆ ಪಾಲಿಸುತ್ತಿದ್ದರು ಎಂದಲ್ಲ. ಆದರೂ ಮೊದಲ ನಾಲ್ಕು ಮಕ್ಕಳ ಹೆಸರು ಸಿಕ್ಕರೆ ಅಜ್ಜ ಅಜ್ಜಿಯರ ಹೆಸರು ಊಹಿಸಬಹುದು. ಆ ಊಹೆಯನ್ನು ಪೆನ್ಸಿಲ್‌ನಲ್ಲಿ ಬರೆದಿಡಿ, ಪೆನ್ನಿನಲ್ಲಿ ಬೇಡ.

ಮನೆಯಲ್ಲಿರುವುದನ್ನು ಮೊದಲು ನೋಡಿ

ಬೈಬಲ್‌ನ ಮೊದಲ ಪುಟಗಳು, ಮದುವೆ ಕಾಗದ, ದೃಢೀಕರಣದ (ಹದಿಹರೆಯದ ಮಕ್ಕಳು ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ವಿಧಿ) ಪ್ರಮಾಣಪತ್ರ, ಶೋಕ ಸಮಾಚಾರದ ಪತ್ರಿಕೆ ತುಂಡು, ಜಮೀನಿನ ಕಾಗದ, ನಾರ್ವೆಯಿಂದ ಬಂದ ಪತ್ರಗಳ ಲಕೋಟೆ. ಲಕೋಟೆಯ ಮೇಲಿನ ಅಂಚೆ ಮುದ್ರೆಯನ್ನು ಬಿಡಬೇಡಿ, ಒಳಗಿನ ಪತ್ರಕ್ಕಿಂತ ಅದೇ ಹೆಚ್ಚು ಹೇಳಬಹುದು. ಫೋಟೊ ಆದರೆ ಸ್ಟುಡಿಯೋದ ಹೆಸರು, ಊರು ಕೆಳಗಡೆ ಅಚ್ಚಾಗಿರುತ್ತದೆ.

ಆಮೇಲೆ ಮನೆಯ ಹಿರಿಯರ ಹತ್ತಿರ ಕೂತು ಮಾತಾಡಿ. "ನಿಮ್ಮ ವಂಶದ ಬಗ್ಗೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. "ಕ್ರಿಸ್ಮಸ್‌ಗೆ ಏನು ಮಾಡುತ್ತಿದ್ದರು? ಅಜ್ಜಿ ಬೈಯುವಾಗ ಯಾವ ಭಾಷೆಯಲ್ಲಿ ಬೈಯುತ್ತಿದ್ದರು? ಯಾರ ಮನೆಗೆ ಜಾಸ್ತಿ ಹೋಗುತ್ತಿದ್ದಿರಿ?" ಎಂದು ಕೇಳಿ. ನನ್ನ ಬೀಗಿತ್ತಿಗೆ ಊರಿನ ಹೆಸರು ನೆನಪಿರಲಿಲ್ಲ. ಆದರೆ ಅವರ ಅಜ್ಜಿ ವರ್ಷಕ್ಕೊಮ್ಮೆ "ವಾಲ್ದ್ರೆಸ್‌ನವರ ಕೂಟ"ಕ್ಕೆ ಹೋಗುತ್ತಿದ್ದದ್ದು ನೆನಪಿತ್ತು. ಅದನ್ನು ಅವರು ಹೇಳಿದ್ದು ಮೂರನೇ ವರ್ಷದಲ್ಲಿ, ಅಡುಗೆಮನೆಯಲ್ಲಿ ಲೆಫ್ಸೆ ಲಟ್ಟಿಸುತ್ತಾ. ಲೆಫ್ಸೆ ಎಂದರೆ ಅವರ ಆಲೂಗಡ್ಡೆ ರೊಟ್ಟಿ. ವಾಲ್ದ್ರೆಸ್ ಎಂದರೆ ನಾರ್ವೆಯ ಒಂದು ಕಣಿವೆ. ಒಂದೊಂದು ಸೀಮೆಯವರು ಅಮೆರಿಕದಲ್ಲಿ ಇಂಥ ಕೂಟಗಳನ್ನು ಮಾಡಿಕೊಂಡಿದ್ದರು, ಅವಕ್ಕೆ ಬಿಗ್ದೆಲಾಗ್ ಎನ್ನುತ್ತಾರೆ. ಅವುಗಳಲ್ಲಿ ಮೊದಲನೆಯದು 1899ರಲ್ಲಿ ಶುರುವಾದ ವಾಲ್ದ್ರೆಸ್ ಸಂಬಾಂದ್. ಇಂಥ ಹಲವು ಕೂಟಗಳು ಇಂದಿಗೂ ಇವೆ, ವಂಶಾವಳಿಯ ಪುಸ್ತಕಗಳನ್ನು ಇಟ್ಟಿವೆ.

ಜನಗಣತಿ ಹಿಡಿದು ಹಿಂದಕ್ಕೆ ನಡೆಯಿರಿ

ಅಮೆರಿಕದ ಜನಗಣತಿಯ ಹೆಸರುಗಳು 72 ವರ್ಷ ಗುಟ್ಟಾಗಿರುತ್ತವೆ. 1950ರದ್ದು 2022ರ ಏಪ್ರಿಲ್‌ನಲ್ಲಿ ತೆರೆಯಿತು. ಅಲ್ಲಿಂದ ಹತ್ತು ಹತ್ತು ವರ್ಷ ಹಿಂದಕ್ಕೆ ಹೋಗಿ. ಹಾರಬೇಡಿ, ಒಂದೊಂದೇ ಮೆಟ್ಟಿಲು. ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಇದೆಲ್ಲ ಉಚಿತ. ಆನ್ಸೆಸ್ಟ್ರಿಗೆ ದುಡ್ಡು ಬೇಕು, ಆದರೆ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಅದನ್ನು ಪುಕ್ಕಟೆ ನೋಡಬಹುದು. ದುಡ್ಡು ಕಟ್ಟುವ ಮೊದಲು ಗ್ರಂಥಾಲಯಕ್ಕೆ ಹೋಗಿ ಕೇಳಿ.

ಎಲ್ಲಕ್ಕಿಂತ ಬೆಲೆಯುಳ್ಳದ್ದು 1900ರ ಜನಗಣತಿ. ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು, ಅಮೆರಿಕಕ್ಕೆ ಬಂದ ವರ್ಷ, ಎಲ್ಲ ಇದೆ. ಪೌರತ್ವದ ಅಂಕಣದಲ್ಲಿ "ನಾ" ಎಂದಿದ್ದರೆ ಪೌರತ್ವ ಸಿಕ್ಕಿದೆ, "ಪಾ" ಎಂದಿದ್ದರೆ ಪೌರತ್ವದ ಇಚ್ಛೆ ತಿಳಿಸುವ ಮೊದಲ ಕಾಗದ ಆಗಿದೆ, "ಆಲ್" ಎಂದಿದ್ದರೆ ಇನ್ನೂ ಅನ್ಯದೇಶದವರು. 1920ರಲ್ಲಿ ಪೌರತ್ವ ಸಿಕ್ಕ ವರ್ಷವನ್ನೂ ಕೇಳಿದ್ದಾರೆ. ಬಂದ ವರ್ಷ ಒಂದು ಗಣತಿಯಿಂದ ಇನ್ನೊಂದಕ್ಕೆ ಎರಡು ಮೂರು ವರ್ಷ ಆಚೀಚೆ ಆಗುತ್ತದೆ, ಗಾಬರಿಯಾಗಬೇಡಿ.

1890ರದ್ದು ನಿಮಗೆ ಸಿಗುವುದಿಲ್ಲ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಅದು ಹಾಳಾಯಿತು, ಉಳಿದದ್ದು ಕೆಲವೇ ತುಣುಕು. ವಲಸಿಗರು ಹೊಲ ಹಿಡಿದ ಕಾಲ ಅದೇ ಆದ್ದರಿಂದ ಇದು ದೊಡ್ಡ ನಷ್ಟ. ಈ ಕಂದಕ ದಾಟಲು ರಾಜ್ಯಗಳ ಗಣತಿ ಇದೆ. ಮಿನ್ನೆಸೋಟದಲ್ಲಿ 1865ರಿಂದ 1905ರವರೆಗೆ ಹತ್ತು ವರ್ಷಕ್ಕೊಮ್ಮೆ, ಡಕೋಟ ಸೀಮೆಯಲ್ಲಿ 1885ರಲ್ಲಿ. ನಿಮ್ಮವರು ಅಯೋವದಲ್ಲಿದ್ದರೆ ಪುಣ್ಯ ಮಾಡಿದ್ದೀರಿ. 1925ರ ಅಯೋವ ಗಣತಿಯಲ್ಲಿ ಪ್ರತಿಯೊಬ್ಬರ ತಂದೆಯ ಹೆಸರು, ತಾಯಿಯ ತವರಿನ ಹೆಸರು ಎರಡೂ ಇದೆ.

ಪ್ರತಿ ಗಣತಿಯಲ್ಲೂ ನಿಮ್ಮ ಮನೆಯ ಸಾಲನ್ನು ಮಾತ್ರ ಬರೆದುಕೊಳ್ಳಬೇಡಿ. ಹಿಂದಿನ ಹತ್ತು ಮನೆ, ಮುಂದಿನ ಹತ್ತು ಮನೆ ಸೇರಿಸಿ ಬರೆಯಿರಿ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಹೊಲದ ಕಡತ

ನಮ್ಮಲ್ಲಿ ಪಹಣಿ, ಹಕ್ಕುಪತ್ರ, ಸರ್ವೆ ನಂಬರ್ ಅಂತ ಇವೆಯಲ್ಲ, ಇಲ್ಲೂ ಅದೇ ಬಗೆಯ ಲೆಕ್ಕ. ಮಧ್ಯ ಪಶ್ಚಿಮದ ನೆಲವನ್ನು ಆರು ಮೈಲಿಗೆ ಆರು ಮೈಲಿ ಚೌಕ ಮಾಡಿದರು, ಅದು ಟೌನ್‌ಶಿಪ್. ಅದರೊಳಗೆ ಒಂದು ಮೈಲಿಯ 36 ಚೌಕ, ಅವು ಸೆಕ್ಷನ್. ಒಂದು ಸೆಕ್ಷನ್ನಿಗೆ 640 ಎಕರೆ, ಅದರ ಕಾಲು ಭಾಗ 160 ಎಕರೆ. ಹೋಮ್‌ಸ್ಟೆಡ್ ಎಂದರೆ ಸಾಮಾನ್ಯವಾಗಿ ಈ ಕಾಲು ಭಾಗ.

ಸರ್ಕಾರ ಕೊಟ್ಟ ಹಕ್ಕುಪತ್ರಗಳು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ರಾಜ್ಯ, ಹೆಸರು ಕೊಟ್ಟರೆ ಸಾಕು. ಹಕ್ಕುಪತ್ರದ ಚಿತ್ರ ನೋಡಿ ಖುಷಿಪಟ್ಟು ಅಲ್ಲೇ ನಿಲ್ಲುವವರೇ ಜಾಸ್ತಿ. ನಿಲ್ಲಬೇಡಿ. ಹಕ್ಕುಪತ್ರ ಒಂದು ಹಾಳೆ. ಅದರ ಹಿಂದೆ ಒಂದು ಇಡೀ ಕಡತ ಇದೆ, ಅದು ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆಗಾರದಲ್ಲಿದೆ. ಹಕ್ಕುಪತ್ರದಲ್ಲಿರುವ ಭೂಕಚೇರಿಯ ಹೆಸರು, ಪ್ರಮಾಣಪತ್ರದ ಸಂಖ್ಯೆ, ಟೌನ್‌ಶಿಪ್, ರೇಂಜ್ (ಟೌನ್‌ಶಿಪ್‌ಗಳ ಸಾಲಿನ ಸಂಖ್ಯೆ), ಸೆಕ್ಷನ್ ಬರೆದುಕೊಂಡು ಆನ್‌ಲೈನಿನಲ್ಲೇ ಅರ್ಜಿ ಹಾಕಿ. ಶುಲ್ಕ ಇದೆ. ನನ್ನ ಪ್ರಕಾರ ಈ ಇಡೀ ಹುಡುಕಾಟದಲ್ಲಿ ಕಣ್ಣುಮುಚ್ಚಿ ಖರ್ಚು ಮಾಡಬಹುದಾದ ದುಡ್ಡು ಇದೊಂದೇ.

ಕಡತದಲ್ಲಿ ಏನಿರುತ್ತದೆ? ಯಾವ ದಿನ ಜಾಗಕ್ಕೆ ಬಂದು ಕೂತರು, ಮನೆ ಎಷ್ಟು ಅಡಿಗೆ ಎಷ್ಟು ಅಡಿ, ಎಷ್ಟು ಎಕರೆ ಉತ್ತರು, ಏನು ಬೆಳೆದರು, ಹೆಂಡತಿ ಮಕ್ಕಳೆಷ್ಟು, ನಡುವೆ ಊರು ಬಿಟ್ಟು ಹೋಗಿದ್ದರಾ. ಬೇರೆ ದೇಶದವರು ಹೊಲ ಪಡೆಯಲು ಪೌರತ್ವದ ಇಚ್ಛೆ ಬರೆದುಕೊಡಬೇಕಿತ್ತು, ಹಕ್ಕುಪತ್ರ ಸಿಗುವ ಹೊತ್ತಿಗೆ ಪೌರರಾಗಿರಬೇಕಿತ್ತು. ಹಾಗಾಗಿ ಪೌರತ್ವದ ಕಾಗದದ ನಕಲು ಇದೇ ಕಡತದಲ್ಲಿ ಸಿಗುತ್ತದೆ. ಅದನ್ನು ಕೊಟ್ಟ ಕೋರ್ಟಿನ ಹೆಸರೂ ಅದರಲ್ಲಿರುತ್ತದೆ. 1906ಕ್ಕೆ ಮೊದಲು ಯಾವ ಕೋರ್ಟಿನಲ್ಲಾದರೂ ಪೌರತ್ವ ಪಡೆಯಬಹುದಿತ್ತು, ಅದಕ್ಕೇ ಆ ಕಾಗದ ಹುಡುಕುವುದು ಕಷ್ಟ. ಹೊಲದ ಕಡತ ಆ ಕಷ್ಟ ತಪ್ಪಿಸುತ್ತದೆ.

ಅಳಿಯನ ಕಡೆಯ ಮುತ್ತಜ್ಜನ ಕಡತದಲ್ಲಿ ಮನೆ 14 ಅಡಿಗೆ 16 ಅಡಿ ಎಂದಿತ್ತು. ಅದರಲ್ಲಿ ಆರು ಜನ ಇದ್ದರು. ಆ ಸಾಲು ಓದಿ ನಾನು ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಿಲ್ಲ. ಅಲ್ಲಿನ ಚಳಿಗಾಲ ನಾನು ನೋಡಿದ್ದೇನೆ.

ಹೆಣ್ಣುಮಕ್ಕಳ ಹೆಸರಿನಲ್ಲೂ ಹುಡುಕಿ. 21 ತುಂಬಿದ ಮದುವೆಯಾಗದ ಹೆಂಗಸರು, ವಿಧವೆಯರು ತಮ್ಮ ಹೆಸರಿನಲ್ಲೇ ಹೋಮ್‌ಸ್ಟೆಡ್ ಪಡೆಯಬಹುದಿತ್ತು, ಪಡೆದವರು ಬಹಳ ಜನ ಇದ್ದಾರೆ. ಎಲ್ಲೂ ಹಕ್ಕುಪತ್ರ ಸಿಗದಿದ್ದರೆ ಅವರು ರೈಲ್ವೆ ಕಂಪನಿಯಿಂದಲೋ ಮೊದಲಿನ ರೈತನಿಂದಲೋ ಕೊಂಡಿರುತ್ತಾರೆ. ಆಗ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ನೋಂದಣಿ ಕಚೇರಿಯಲ್ಲಿ ಕ್ರಯಪತ್ರದ ಪುಸ್ತಕ ನೋಡಬೇಕು. ಮಾರಿದವರ ಪಟ್ಟಿ, ಕೊಂಡವರ ಪಟ್ಟಿ ಎರಡೂ ಬೇರೆ ಬೇರೆ ಇರುತ್ತವೆ.

ಚರ್ಚಿನ ಪುಸ್ತಕ

ಊರಿನ ಹೆಸರು ಸಿಗುವ ಸಂಭವ ಹೆಚ್ಚಿರುವುದು ಇಲ್ಲಿ. ಜನಗಣತಿಯ ಗುಮಾಸ್ತನಿಗೆ "ನಾರ್ವೆ" ಎಂದರೆ ಸಾಕಾಗುತ್ತಿತ್ತು. ಪಾದ್ರಿಗೆ ಸಾಕಾಗುತ್ತಿರಲಿಲ್ಲ. ಅವನೂ ನಾರ್ವೆಯವನೇ. ಯಾವ ಸೀಮೆ, ಯಾವ ಹೊಲ ಎಂದು ಕೇಳಿ ಬರೆದಿರುತ್ತಿದ್ದ. ಸದಸ್ಯರ ಪಟ್ಟಿ, ಮದುವೆ, ಸಾವು, ಈ ಮೂರರಲ್ಲಿ ಹುಟ್ಟಿದ ಊರು ಇರುವ ಸಾಧ್ಯತೆ ಹೆಚ್ಚು. ದೀಕ್ಷಾಸ್ನಾನದ ಪುಟದಲ್ಲಿ ಮಗುವಿನ ಪರವಾಗಿ ನಿಂತವರ ಹೆಸರು ಇರುತ್ತದೆ. ಅವರು ಹೆಚ್ಚಾಗಿ ಸೋದರಮಾವ, ಚಿಕ್ಕಮ್ಮ, ಹತ್ತಿರದ ನೆಂಟರೇ.

ಒಂದು ತೊಡಕಿದೆ. ನಾರ್ವೇಜಿಯನ್ ಲೂಥರನ್ನರಲ್ಲಿ (ಇವರು ಪ್ರೊಟೆಸ್ಟೆಂಟ್ ಕ್ರೈಸ್ತರು) ಪಂಗಡಗಳು ಹಲವು. ಒಂದೇ ಹಳ್ಳಿಯಲ್ಲಿ ಎರಡು ಚರ್ಚು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. 1917ರಲ್ಲಿ ದೊಡ್ಡ ಮೂರು ಪಂಗಡ ಒಂದಾದವು. ಆಮೇಲೆ ಎಷ್ಟೋ ಚರ್ಚುಗಳು ಸೇರಿದವು, ಮುಚ್ಚಿದವು. ಹಾಗಾಗಿ ಈಗಿನ ಹೆಸರಿನಿಂದ ಹುಡುಕಿದರೆ ಸಿಗದಿರಬಹುದು. ಸ್ಮಶಾನದಿಂದ ಹುಡುಕಿ. ಸಮಾಧಿ ಇರುವ ಜಾಗ ಯಾವ ಚರ್ಚಿಗೆ ಸೇರಿತ್ತೋ ಆ ಚರ್ಚಿನ ಪುಸ್ತಕ ಈಗ ಯಾರ ಹತ್ತಿರ ಇದೆ ಎಂದು ಕೇಳಿ. ಇವ್ಯಾಂಜೆಲಿಕಲ್ ಲೂಥರನ್ ಚರ್ಚಿನ ದಾಖಲೆಗಾರ ಇಲಿನಾಯ್ಸ್‌ನಲ್ಲಿದೆ, ಅದರ ಬಹಳಷ್ಟು ಪುಸ್ತಕಗಳ ಚಿತ್ರ ಆನ್ಸೆಸ್ಟ್ರಿಯಲ್ಲಿವೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನಾರ್ವೇಜಿಯನ್ ಅಮೆರಿಕನ್ ಜೀನಿಯಾಲಾಜಿಕಲ್ ಸೆಂಟರ್ ಇದೆ. ಅಲ್ಲಿನವರಿಗೆ ಈ ಪುಸ್ತಕಗಳ ಪರಿಚಯ ಚೆನ್ನಾಗಿದೆ.

ಬರವಣಿಗೆ ನಾರ್ವೇಜಿಯನ್ ಭಾಷೆಯಲ್ಲಿ, ಹಳೆಯ ಗಾಥಿಕ್ ಅಕ್ಷರದಲ್ಲಿ ಇರುತ್ತದೆ. ಹೆದರಬೇಡಿ. ಹುಟ್ಟು, ಮದುವೆ, ಸಾವು, ಅಪ್ಪ, ಅಮ್ಮ, ಇಂಥ ಮೂವತ್ತು ಪದ ಕಲಿತರೆ ಮುಕ್ಕಾಲು ಪಾಲು ಓದಬಹುದು. ತಾರೀಖು ಮಾತ್ರ ಗಮನವಿಟ್ಟು ನೋಡಿ. 5/7 ಎಂದರೆ ಜುಲೈ 5. ದಿನ ಮೊದಲು, ತಿಂಗಳು ಆಮೇಲೆ, ನಮ್ಮ ಹಾಗೆಯೇ. ಅಮೆರಿಕದವರು ಇದನ್ನು ಮೇ 7 ಎಂದು ಓದಿ ಕೆಡಿಸಿಟ್ಟಿರುವುದು ಬಹಳ. ಇನ್ನೊಂದು, 8ರ ಪಕ್ಕ "ಬ್ರ್" ಎಂದಿದ್ದರೆ ಅದು ಆಗಸ್ಟ್ ಅಲ್ಲ, ಅಕ್ಟೋಬರ್. ಲ್ಯಾಟಿನ್‌ನಲ್ಲಿ ಆಕ್ಟೋ ಎಂದರೆ ಎಂಟು. 7 ಇದ್ದರೆ ಸೆಪ್ಟೆಂಬರ್, 9 ಇದ್ದರೆ ನವೆಂಬರ್.

ದಾರಿ ಮುಚ್ಚಿದರೆ ಪಕ್ಕದ ಮನೆಗೆ ಹೋಗಿ

ನಮ್ಮ ಕುಟುಂಬದ ಚರ್ಚಿನ ಪುಸ್ತಕದಲ್ಲೂ ಊರಿನ ಜಾಗದಲ್ಲಿ "ನಾರ್ವೆ" ಎಂದಷ್ಟೇ ಇತ್ತು. ಆಗ ಕೆಲಸಕ್ಕೆ ಬಂದದ್ದು ಗಣತಿಯಿಂದ ಬರೆದುಕೊಂಡ ಆ ಅಕ್ಕಪಕ್ಕದ ಮನೆಗಳ ಪಟ್ಟಿ. ಹೋಮ್‌ಸ್ಟೆಡ್ ಕೊನೆಯಲ್ಲಿ ಇಬ್ಬರು ಸಾಕ್ಷಿ ಹೇಳಬೇಕಿತ್ತು. ಸಾಕ್ಷಿಗಳು ಅಕ್ಕಪಕ್ಕದ ಹೊಲದವರು. ಒಂದು ಕಣಿವೆಯಿಂದ ಒಬ್ಬ ಬಂದರೆ ಅವನ ಪತ್ರ ಓದಿ ತಮ್ಮ ಬರುತ್ತಿದ್ದ, ಆಮೇಲೆ ಭಾವಮೈದ, ಆಮೇಲೆ ಪಕ್ಕದ ಹೊಲದವರು. ಎಲ್ಲರೂ ಅಕ್ಕಪಕ್ಕದಲ್ಲೇ ಹೊಲ ಹಿಡಿಯುತ್ತಿದ್ದರು. ನಮ್ಮವರೂ ಪರಊರಿಗೆ ಹೋದರೆ ಊರಿನವರು ಇರುವ ಕೇರಿ ಹುಡುಕುತ್ತಾರಲ್ಲ, ಹಾಗೆ.

ಸಾಕ್ಷಿಗಳಲ್ಲಿ ಒಬ್ಬನ ಶೋಕ ಸಮಾಚಾರ ಕೌಂಟಿಯ ಪತ್ರಿಕೆಯಲ್ಲಿ ಸಿಕ್ಕಿತು. ಅದರಲ್ಲಿ ಅವನು ಹುಟ್ಟಿದ್ದು ವಾಲ್ದ್ರೆಸ್‌ನ ಸ್ಲಿದ್ರೆ ಎಂದಿತ್ತು. ಬೀಗಿತ್ತಿ ಅಡುಗೆಮನೆಯಲ್ಲಿ ಹೇಳಿದ "ವಾಲ್ದ್ರೆಸ್‌ನವರ ಕೂಟ"ಕ್ಕೆ ಇದು ತಾಳೆಯಾಯಿತು. ಇಡೀ ನಾರ್ವೆಯಲ್ಲಿ ಹುಡುಕುವುದು ತಪ್ಪಿ ಒಂದು ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರುಗಳಲ್ಲಿ, ಹುಡುಕುವುದಾಯಿತು.

ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹ ಉಚಿತ. ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿಯ ಪತ್ರಿಕಾ ಸಂಗ್ರಹವೂ ಉಚಿತ. ನಾರ್ವೇಜಿಯನ್ ಭಾಷೆಯ ಪತ್ರಿಕೆಗಳನ್ನು ಬಿಡಬೇಡಿ. ಅಯೋವದ ಡೆಕೋರಾ ಪೋಸ್ಟೆನ್ 1874ರಿಂದ 1972ರವರೆಗೆ ನಡೆಯಿತು. ಇಂಗ್ಲಿಷ್ ಪತ್ರಿಕೆ "ಹಿರಿಯ ರೈತ ನಿಧನ" ಎಂದು ಮುಗಿಸುತ್ತಿತ್ತು. ತಮ್ಮ ಭಾಷೆಯ ಪತ್ರಿಕೆಗೆ ಯಾವ ಸೀಮೆಯವನು ಎನ್ನುವುದೇ ಮುಖ್ಯ ಸುದ್ದಿ.

ಇನ್ನೂ ಒಂದೆರಡು ಕಡೆ ಊರಿನ ಹೆಸರು ಸಿಗುತ್ತದೆ. ಮೊದಲ ಮಹಾಯುದ್ಧದ ಸೇನಾ ನೋಂದಣಿಯಲ್ಲಿ, 1917ರ ಜೂನ್‌ನ ಮೊದಲ ಸುತ್ತಿನಲ್ಲಿ ಹುಟ್ಟಿದ ಊರು ಕೇಳಿದ್ದರು. 1942ರ ಏಪ್ರಿಲ್‌ನಲ್ಲಿ ವಯಸ್ಸಾದ ಗಂಡಸರ ನೋಂದಣಿಯಲ್ಲೂ ಕೇಳಿದ್ದರು.

ಹಡಗು

ಈಗ ಬೇಕಾದರೆ ಹಡಗು ಹುಡುಕಿ. ನ್ಯೂಯಾರ್ಕ್ ಒಂದನ್ನೇ ನೋಡಬೇಡಿ. 1850ರ ಹೊತ್ತಿಗೆ ಪರದೇಶದ ಹಡಗುಗಳಿಗೆ ತಡೆ ಹಾಕಿದ್ದ ತನ್ನ ಕಾಯ್ದೆಗಳನ್ನು ಬ್ರಿಟನ್ ತೆಗೆದ ಮೇಲೆ ನಾರ್ವೆಯ ಹಡಗುಗಳು ಕೆನಡಾದ ಕ್ವಿಬೆಕ್‌ಗೆ ಜನರನ್ನು ತಂದು, ಹೋಗುವಾಗ ಮರ ತುಂಬಿಕೊಂಡು ಹೋಗುತ್ತಿದ್ದವು. ಹಲವು ವರ್ಷ ಬಹುತೇಕ ನಾರ್ವೇಜಿಯನ್ನರು ಇಳಿದದ್ದು ಅಲ್ಲೇ. ಕ್ವಿಬೆಕ್‌ನ ಹೆಸರುಪಟ್ಟಿ 1865ರಿಂದ ಇದೆ. ಉಗಿಹಡಗು ಬಂದ ಮೇಲೆ ದಾರಿ ಬದಲಾಯಿತು. ನಾರ್ವೆಯಿಂದ ಇಂಗ್ಲೆಂಡಿನ ಹಲ್, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್, ಅಲ್ಲಿಂದ ಅಟ್ಲಾಂಟಿಕ್. ಹಾಗಾಗಿ ಹೊರಟ ಬಂದರು ಲಿವರ್‌ಪೂಲ್ ಎಂದಿದ್ದರೆ ಅವರು ಇಂಗ್ಲಿಷರಲ್ಲ.

ಅಮೆರಿಕದ ಪಟ್ಟಿಗಿಂತ ನಾರ್ವೆಯ ಪೊಲೀಸರ ವಲಸಿಗರ ಪಟ್ಟಿ ಮೇಲು. ಕ್ರಿಸ್ಟಿಯಾನಿಯಾ, ಅಂದರೆ ಈಗಿನ ಓಸ್ಲೋದ್ದು 1867ರಿಂದ, ಬೆರ್ಗೆನ್‌ನದ್ದು 1874ರಿಂದ ಇದೆ. ಅದರಲ್ಲಿ ಹೊರಟವರ ಊರು ಇರುತ್ತದೆ.

ಸಾಗರದ ಆಚೆ

ಹೆಸರು, ಅಪ್ಪನ ಹೆಸರು, ಹುಟ್ಟಿದ ವರ್ಷ, ಪ್ಯಾರಿಷ್, ಈ ನಾಲ್ಕು ಕೈಯಲ್ಲಿಲ್ಲದೆ ಇಲ್ಲಿಗೆ ಬರಬೇಡಿ. ಇದ್ದರೆ ನಾರ್ವೆಯಷ್ಟು ಸುಲಭದ ದೇಶ ಇಲ್ಲ. ಅವರ ರಾಷ್ಟ್ರೀಯ ದಾಖಲೆಗಾರದ ಡಿಜಿಟಾಲ್‌ಆರ್ಕಿವೆಟ್ ಜಾಲತಾಣದಲ್ಲಿ ಚರ್ಚಿನ ಪುಸ್ತಕಗಳ ಪುಟಪುಟವೂ ಉಚಿತ. 1801, 1865, 1875, 1891, 1900, 1910, 1920ರ ಜನಗಣತಿಗಳೂ ಇವೆ. 1865ರದ್ದರಲ್ಲಿ ಹೊಲಮನೆಯ ಹೆಸರು, ಮನೆಮಂದಿ, ಹುಟ್ಟಿದ ಪ್ಯಾರಿಷ್ ಮಾತ್ರವಲ್ಲ, ಎಷ್ಟು ಹಸು, ಎಷ್ಟು ಕುರಿ, ಎಷ್ಟು ಬಾರ್ಲಿ ಬಿತ್ತಿದರು ಎನ್ನುವುದೂ ಇದೆ.

ಚರ್ಚಿನ ಪುಸ್ತಕದಲ್ಲಿ ಮೊದಲು ದೃಢೀಕರಣದ ಪುಟ ನೋಡಿ. ನಾರ್ವೆಯಲ್ಲಿ 1736ರಿಂದ 1912ರವರೆಗೆ ದೃಢೀಕರಣ ಕಡ್ಡಾಯವಾಗಿತ್ತು. ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ ಆಗುತ್ತಿತ್ತು. ಆ ಸಾಲಿನಲ್ಲಿ ಹುಟ್ಟಿದ ದಿನ, ಅಪ್ಪ ಅಮ್ಮ, ಹೊಲಮನೆ, ಸಿಡುಬಿನ ಲಸಿಕೆ ಹಾಕಿಸಿದ ದಿನ ಕೂಡ ಇರುತ್ತದೆ. ಹುಡುಗ ಬೈಬಲ್ ಎಷ್ಟು ಕಲಿತಿದ್ದಾನೆ ಎಂದು ಪಾದ್ರಿ ಒಂದು ಮಾತು ಬರೆದಿರುತ್ತಾನೆ. ಹುಟ್ಟಿದವರಲ್ಲಿ ಎಷ್ಟೋ ಮಕ್ಕಳು ಎಳವೆಯಲ್ಲೇ ಹೋಗಿಬಿಡುತ್ತಿದ್ದರು. ದೃಢೀಕರಣದ ಪುಟದಲ್ಲಿ ಸಿಕ್ಕವನು ದೊಡ್ಡವನಾದವನು. ಕೊನೆಯ ಪುಟಗಳಲ್ಲಿ ಊರು ಬಿಟ್ಟವರ ಪಟ್ಟಿ ಇರುತ್ತದೆ. "ಅಮೆರಿಕಕ್ಕೆ" ಎಂಬ ಪದ ಅಲ್ಲಿ ಸಾಲುಸಾಲಾಗಿ ಕಾಣುತ್ತದೆ.

ಹೊಲಮನೆಯ ಹೆಸರು ಸಿಕ್ಕಿತು ಎಂದು ಆ ಹೊಲದ ಒಡೆಯರು ಎಂದುಕೊಳ್ಳಬೇಡಿ. ದೊಡ್ಡ ಹೊಲದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಒಡೆಯನಿಗೆ ದುಡಿಯುತ್ತಿದ್ದವರೂ ಅದೇ ಹೆಸರು ಹೇಳುತ್ತಿದ್ದರು. ಅವರಿಗೆ ಹುಸ್‌ಮನ್ ಎನ್ನುತ್ತಿದ್ದರು, ನಮ್ಮ ಒಕ್ಕಲಿನವರ ಹಾಗೆ. ಪುಸ್ತಕದಲ್ಲಿ ಆ ಪದ ಇದೆಯಾ ನೋಡಿ. ನಮ್ಮ ಅಳಿಯನ ಹಿರಿಯರು ಹುಸ್‌ಮನ್. ಬೀಗಿತ್ತಿಗೆ ಹೇಳಲು ನಾನು ಮೊದಲು ಹಿಂಜರಿದೆ. ಕೇಳಿ ಅವರ ಕಣ್ಣು ತುಂಬಿತು. "160 ಎಕರೆ ಅವರಿಗೆ ಏನಾಗಿತ್ತು ಎಂದು ಈಗ ಗೊತ್ತಾಯಿತು" ಎಂದರು.

ಕೊನೆಗೆ ಬಿಗ್ದೆಬೂಕ್. ಒಂದು ಸೀಮೆಯಲ್ಲಿ ಹೊಲಹೊಲವಾಗಿ ಯಾರು ಇದ್ದರು ಎಂದು ಬರೆದ ಊರ ಚರಿತ್ರೆ ಇದು, ಎಷ್ಟೋ ಸೀಮೆಗಳಿಗೆ ಇದೆ. ಉತ್ತರ ಡಕೋಟ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಮ್ಯಾಡಿಸನ್‌ನ ಕೇಂದ್ರದಲ್ಲಿ ಇವುಗಳ ದೊಡ್ಡ ಸಂಗ್ರಹ ಇದೆ. ಬಿಗ್ದೆಬೂಕ್ ಸಿಕ್ಕರೆ ವರ್ಷಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆದರೂ ಮೂಲ ಚರ್ಚು ಪುಸ್ತಕದ ಜೊತೆ ತಾಳೆ ನೋಡಿ, ಇವುಗಳಲ್ಲೂ ತಪ್ಪುಗಳಿವೆ.

ಬೇರೆಯವರ ಅಜ್ಜನನ್ನು ತಂದುಕೊಳ್ಳಬೇಡಿ

ನನ್ನ ಒಂದೂವರೆ ವರ್ಷ ಹೋದದ್ದು ಹೇಗೆ ಎಂದು ಹೇಳುತ್ತೇನೆ. ನಮ್ಮ ಮುತ್ತಜ್ಜನನ್ನು ಓಲೆ ಲಾರ್ಸನ್ ಎಂದುಕೊಳ್ಳಿ, ನಿಜವಾದ ಹೆಸರು ಬೇಡ. ಒಂದು ಹಡಗಿನ ಪಟ್ಟಿಯಲ್ಲಿ ಅದೇ ಹೆಸರು, ಅದೇ ವಯಸ್ಸಿನವನು ಸಿಕ್ಕ. ಯಾರೋ ಜಾಲದಲ್ಲಿ ಹಾಕಿದ್ದ ವಂಶವೃಕ್ಷ ಅವನನ್ನು ನಮ್ಮ ಕೌಂಟಿಗೇ ತಂದಿತ್ತು. ನಾನು ನಂಬಿ ಅವನ ಹಿಂದೆ 1801ರವರೆಗೆ ಹೋದೆ. ಆಮೇಲೆ ಹೊಲದ ಕಡತ ಬಂತು. ಆ ಹಡಗು ಹೊರಡುವುದಕ್ಕೆ ಎರಡು ವರ್ಷ ಮೊದಲೇ ನಮ್ಮ ಓಲೆ ಮಿನ್ನೆಸೋಟದಲ್ಲಿ ಗೋಧಿ ಬಿತ್ತಿದ್ದ.

ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಹೆಸರು ಮತ್ತು ವಯಸ್ಸು ಸೇರಿದರೆ ಸಾಲದು. ಹೆಂಡತಿ, ಅಣ್ಣತಮ್ಮ, ಹುಟ್ಟಿದ ದಿನ, ನೆರೆಯವರು, ಇವುಗಳಲ್ಲಿ ಇನ್ನೂ ಎರಡಾದರೂ ಕೂಡಬೇಕು. ಜಾಲದಲ್ಲಿರುವ ವಂಶವೃಕ್ಷಗಳನ್ನು ಸುಳಿವು ಎಂದಷ್ಟೇ ನೋಡಿ. ಹತ್ತು ಜನ ಹಾಗೇ ಬರೆದಿದ್ದಾರೆ ಎಂದರೆ ಒಂಬತ್ತು ಜನ ಒಬ್ಬನನ್ನು ನಕಲು ಮಾಡಿರಬಹುದು.

ಕುಟುಂಬ ಬೇರೆ ದೇಶದ್ದಾದರೂ ಅಮೆರಿಕದ ಕಡೆಯ ಹೆಜ್ಜೆಗಳು ಇವೇ. ಆಚೆ ಕಡೆ ಬದಲಾಗುತ್ತದೆ. ಸ್ವೀಡನ್ನಿನವರಿಗೆ ಪಾದ್ರಿಗಳು ಮನೆಮನೆಯ ಲೆಕ್ಕ ಬರೆದಿಟ್ಟ ಪುಸ್ತಕಗಳಿವೆ. ಜರ್ಮನರಿಗೆ 1850ರಿಂದ 1934ರವರೆಗಿನ ಹ್ಯಾಂಬರ್ಗ್ ಹಡಗು ಪಟ್ಟಿಗಳಿವೆ, ಅವುಗಳಲ್ಲಿ ಹೊರಟ ಊರು ಇರುತ್ತದೆ. ಡಕೋಟದಲ್ಲಿ ಯಾರಾದರೂ "ರಷ್ಯಾ" ಎಂದು ಬರೆಸಿ ಮಾತೃಭಾಷೆ ಜರ್ಮನ್ ಎಂದಿದ್ದರೆ ಅವರು ಕಪ್ಪು ಸಮುದ್ರದ ಕಡೆ ಒಕ್ಕಲು ಹೋಗಿದ್ದ ಜರ್ಮನರು ಇರಬಹುದು.

ಬರೆದಿಡುವಾಗ

ಪ್ರತಿ ಮಾತಿನ ಪಕ್ಕ ಅದು ಎಲ್ಲಿ ಸಿಕ್ಕಿತು ಎಂದು ಬರೆಯಿರಿ. ಬದುಕಿರುವವರ ಹುಟ್ಟಿದ ದಿನ, ವಿಳಾಸ ಜಾಲದಲ್ಲಿ ಹಾಕಬೇಡಿ.

ಹೊಲದ ಕಥೆ ಬರೆಯುವಾಗ ಅದು ಮೊದಲು ಯಾರದಾಗಿತ್ತು ಎಂದೂ ಬರೆಯಿರಿ. ದಕ್ಷಿಣ ಮತ್ತು ಪಶ್ಚಿಮ ಮಿನ್ನೆಸೋಟ ಡಕೋಟ ಜನರ ನೆಲ. 1851ರ ಟ್ರಾವರ್ಸ್ ದೆ ಸೂ ಮತ್ತು ಮೆಂಡೋಟ ಒಪ್ಪಂದಗಳಲ್ಲಿ ಅದು ಅವರ ಕೈ ಬಿಟ್ಟಿತು. ಕೊಡಬೇಕಾದ ಹಣ ಸರಿಯಾಗಿ ಬರಲಿಲ್ಲ, ಹಸಿವು ಬಂತು, 1862ರಲ್ಲಿ ಯುದ್ಧವಾಯಿತು, ಮುಂದಿನ ವರ್ಷ ಅವರನ್ನು ರಾಜ್ಯದಿಂದಲೇ ಹೊರಗಟ್ಟಿದರು. ಹೋಮ್‌ಸ್ಟೆಡ್ ಕಾಯ್ದೆಯೂ ಅದೇ 1862ರದ್ದು. ಇದು ಒಂದೇ ಕಥೆಯ ಎರಡು ಪುಟ. ನಾನು ಮೊಮ್ಮಕ್ಕಳಿಗೆ ಮಾಡಿದ ಪುಸ್ತಕದಲ್ಲಿ ಮುತ್ತಜ್ಜನ ಹಕ್ಕುಪತ್ರದ ಎದುರು ಪುಟದಲ್ಲೇ ಇದನ್ನು ಬರೆದಿದ್ದೇನೆ. ಬೀಗಿತ್ತಿ ಓದಿ, ಇರಲಿ ಎಂದರು.

ಪುಸ್ತಕದ ಒಂದು ಪ್ರತಿಯನ್ನು ಕೌಂಟಿಯ ಇತಿಹಾಸ ಸಂಘಕ್ಕೆ ಕೊಡಿ. ಇನ್ನೊಂದನ್ನು ನಾರ್ವೆಯ ಆ ಪ್ಯಾರಿಷ್‌ನ ಊರ ಚರಿತ್ರೆಯ ಬಳಗಕ್ಕೆ ಕಳಿಸಿ. ಅಲ್ಲಿ ಉಳಿದ ತಂಗಿಯ ಮೊಮ್ಮಕ್ಕಳು ಈ ಕಡೆಯವರನ್ನು ಹುಡುಕುತ್ತಿರಬಹುದು. ಹಾಗೇ ಆ ಡಬ್ಬಿಯ ಫೋಟೊಗಳನ್ನು ಹೊರಗೆ ತೆಗೆದು, ಗುರುತು ಸಿಕ್ಕವರ ಹೆಸರನ್ನು ಹಿಂಬದಿಯಲ್ಲಿ ಮೆತ್ತಗಿನ ಪೆನ್ಸಿಲ್‌ನಿಂದ ಹಗುರಾಗಿ ಬರೆಯಿರಿ. ಪೆನ್ನು ಬೇಡ, ಶಾಯಿ ಊರಿ ಮುಖದ ಮೇಲೆ ಬರುತ್ತದೆ.